ಬ್ಯಾನೆಮ್ಮನ ಸ್ಥಳಪುರಾಣ

ದೇವರನ್ನು ಸೃಷ್ಟಿಸುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. ನಾನು ಹೈಸ್ಕೂಲಿನ ವಿಜ್ಞಾನ ಟೀಚರ್. ಎಂಟನೇ ತರಗತಿಗೆ ಪ್ರತಿವರ್ಷ ಮೂಢನಂಬಿಕೆಯ ಮೇಲೆ ಭಾಷಣ ಬಿಗಿಯುವವಳು. ನನಗೆ ಬೇಕಾಗಿದ್ದುದು ಬೆಳಿಗ್ಗೆ ಅರ್ಧ ಗಂಟೆ ಬಿಡುವು, ಮೈ ಚಾಚುವಷ್ಟು ಜಾಗ ಮತ್ತು "ಸವಿತಾ" ಎಂದು ಯಾರೂ ಕೂಗದಂಥ ವಾತಾವರಣ. ಅಷ್ಟೇ!

ನನಗೆ ಎಂಡೊಮೆಟ್ರಿಯೋಸಿಸ್ ಇದೆ. ಗರ್ಭಕೋಶದ ಒಳಪದರದಂಥದೇ ಒಂದು ಪದರ ತನ್ನ ಮನೆ ಬಿಟ್ಟು ಹೊರಗೆ ಬೆಳೆದು ಕುಳಿತು, ಹೊಟ್ಟೆ, ಸೊಂಟ, ತೊಡೆ ಎಲ್ಲವನ್ನೂ ಹಿಂಡುವ ಕಾಯಿಲೆ. ಇದಕ್ಕೊಂದು ಹೆಸರಿದೆ ಎಂದು ತಿಳಿಯುವುದಕ್ಕೇ ವರ್ಷಗಳು ಹಿಡಿದವು. ತಿಳಿದ ದಿನ ಹೊಸಪೇಟೆಯ ಆಸ್ಪತ್ರೆಯಿಂದ ನೇರ ಮನೆಗೆ ಬಂದು, ಪದಕ ಗೆದ್ದವಳಂತೆ ಅತ್ತೆಯ ಮುಂದೆ ಆ ಹೆಸರು ಹೇಳಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಹೊಟ್ಟಿಬ್ಯಾನಿ ಯಾರಿಗಿಲ್ಲವ್ವ? ನಮ್ಮ ಕಾಲದಾಗ ಅದಕ್ಕ ಇಷ್ಟುದ್ದ ಹೆಸರಿರಲಿಲ್ಲ, ಅಷ್ಟ" ಎಂದರು.

ಡಾಕ್ಟರಮ್ಮ ಮಾತ್ರೆಯ ಜೊತೆಗೆ ಯೋಗ ಮಾಡಲೂ ಹೇಳಿದ್ದರು. "ಯೋಗದಿಂದ ಈ ಕಾಯಿಲಿ ಹೋಗಂಗಿಲ್ಲ, ತಿಳೀತೇನ್ರಿ? ಮಾತ್ರಿ ಬಿಡೂದಲ್ಲ. ಬಿಗಿದ ಮೈ ಸಡ್ಲಾಗ್ತೈತಿ, ನೋವು ತಡಕೊಳ್ಳಾಕ ಸ್ವಲ್ಪ ಬಲ ಬರಬಹುದು. ಮಾಡೂವಾಗ ನೋವು ಜಾಸ್ತಿ ಆದ್ರ ಅಲ್ಲಿಗೇ ನಿಲ್ಲಸ್ರಿ. ಸರ್ಕಸ್ ಬ್ಯಾಡ" ಎಂದಿದ್ದರು. ಅವರೇ ತೋರಿಸಿಕೊಟ್ಟ ಯೋಗದ ಮೇಡಂ ಒಂದಷ್ಟು ಸರಳ ಆಸನ ಕಲಿಸಿದರು. ಅದರಲ್ಲಿ ನನಗೆ ಹಿಡಿಸಿದ್ದು ಬಾಲಾಸನ. ಮಂಡಿಯೂರಿ ಕುಳಿತು, ಮೊಣಕಾಲು ಅಗಲಿಸಿ, ಮುಂದಕ್ಕೆ ಬಾಗಿ, ಎರಡೂ ಕೈ ಚಾಚಿ, ಹಣೆಯನ್ನು ನೆಲಕ್ಕೆ ಒರಗಿಸಿ ಸುಮ್ಮನಿರುವುದು. ಆಮೇಲೆ ಕಣ್ಣು ಮುಚ್ಚಿ ದುಂಬಿಯ ಹಾಗೆ "ಹ್ಞೂಂ" ಎನ್ನುತ್ತಾ ಉಸಿರು ಬಿಡುವುದು. ಇದರಲ್ಲಿ ಎಡವಟ್ಟಾಗುವುದು ಏನಿದೆ ಹೇಳಿ!

ಮೊದಲ ದಿನ ಮನೆಯಲ್ಲೇ ಹಣೆ ನೆಲಕ್ಕೆ ತಾಗಿಸಿದೆನೋ ಇಲ್ಲವೋ, ನನ್ನ ಯಜಮಾನರು "ಸವಿತಾ, ನನ್ನ ಸಾಕ್ಸ್ ಎಲ್ಲದಾವು?" ಎಂದರು. ಅವರು ದೋಣಿಮಲೈ ಗಣಿಗೆ ಹೋಗುವವರು. ಬಸ್ಸು ತಪ್ಪಿದರೆ ದಿನವೇ ತಪ್ಪಿದಂತೆ. ನಾನು ಬಾಗಿದಲ್ಲಿಂದಲೇ ಮಂಚದ ಕೆಳಗೆ ನೋಡಿ, "ಇಲ್ಲೇ ಅದಾವ್ರಿ" ಎಂದೆ. ಬಾಲಾಸನದ ಮೊದಲ ಪ್ರಯೋಜನ! ಮರುದಿನ ಅತ್ತೆ ಬಂದು, "ಹೊತ್ತು ಹುಟ್ಟೂ ಹೊತ್ತಿನ್ಯಾಗ ಹೆಣ್ಮಕ್ಕಳು ಹಿಂಗ ಬೋರಲು ಬೀಳ್ತಾರೇನು? ಏಳು, ಅಂಗಳಕ್ಕ ನೀರು ಹಾಕು" ಎಂದರು. ಅಲ್ಲಿಗೆ ಮನೆಯ ಯೋಗ ಸಮಾಪ್ತಿಯಾಯಿತು.

ನಮ್ಮ ಶಾಲೆ ಇರುವುದು ಹಂಪಿಯಾಚೆ ಒಂದು ಹಳ್ಳಿಯಲ್ಲಿ. ಸ್ಕೂಟಿಯಲ್ಲಿ ಹೋಗುವ ದಾರಿಯಲ್ಲಿ ಬಾಳೆತೋಟದ ಅಂಚಿಗೆ ಆಳೆತ್ತರದ ಒಂದು ಗುಂಡುಬಂಡೆ ಇತ್ತು. ಹಂಪಿ ಸೀಮೆಯಲ್ಲಿ ಬಂಡೆಗೇನು ಬರವೇ? ಇದೊಂದನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ರಸ್ತೆಯವರಿಗೆ ಕಾಣದಂತೆ ಅದರ ಹಿಂದೆ ಚಾಪೆ ಹಾಸಿ, ಬಂಡೆಗೆ ಮುಖ ಮಾಡಿ ಬಾಗಿದೆ. ಆಹಾ! ಸಾಕ್ಸ್ ಇಲ್ಲ, ಅಂಗಳವಿಲ್ಲ. ಸೊಂಟದಲ್ಲಿ ಗಂಟು ಕಟ್ಟಿಕೊಂಡಿದ್ದುದು ಮೆಲ್ಲಗೆ ಸಡಿಲಾಯಿತು. ಹಗುರಾದ ಖುಷಿಗೆ ಕಣ್ಣಲ್ಲಿ ನೀರೇ ಬಂತು. ಅಂದಿನಿಂದ ದಿನವೂ ಶಾಲೆಗೆ ಮುಂಚೆ ಅದೇ ನನ್ನ ಜಾಗವಾಯಿತು.

ಒಂದು ದಿನ ಬಂಡೆಯ ಬುಡದಲ್ಲಿ ಚೆಂಡುಹೂ ಇತ್ತು. ಮತ್ತೊಂದು ದಿನ ಅರಿಶಿನ ಕುಂಕುಮ. ಎಂಥ ಪ್ರಕೃತಿಪ್ರೇಮ ನಮ್ಮ ರೈತರದು ಎಂದು ನಾನು ಮನಸಾರೆ ಮೆಚ್ಚಿಕೊಂಡೆ! ಆಮೇಲೊಂದು ಬೆಳಿಗ್ಗೆ ಬಾಲಾಸನದಿಂದ ಒದ್ದೆಗಣ್ಣಲ್ಲಿ ತಲೆ ಎತ್ತಿದರೆ, ತೋಟದಲ್ಲಿ ಕೆಲಸ ಮಾಡುವ ಹುಲಿಗೆವ್ವ ಕೈ ಮುಗಿದುಕೊಂಡು ನಿಂತಿದ್ದಳು.

"ಟೀಚರ್ರ, ದಿನಾ ಬಂದು ಅಡ್ಡಬಿದ್ದು ಏನು ಬೇಡ್ಕೊಂತೀರಿ?"

"ಬೇಡ್ಕೊಳ್ಳೂದು ಏನಿಲ್ಲವ್ವ. ಹೊಟ್ಟಿಬ್ಯಾನಿ ಭಾಳ ಐತಿ. ಇಲ್ಲಿ ಬಂದು ಹಿಂಗ ಮಾಡಿದ್ರ ಸ್ವಲ್ಪ ಕಡಿಮಿ ಆಗ್ತೈತಿ."

ವೈಜ್ಞಾನಿಕವಾಗಿ ನೋಡಿದರೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಹುಲಿಗೆವ್ವ ಬಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಕಣ್ಣೀರು ನೋಡಿದಳು. ಓದಿದ ಟೀಚರು ಸುಮ್ಮಸುಮ್ಮನೆ ಕಲ್ಲಿಗೆ ಅಡ್ಡಬೀಳುತ್ತಾಳೆಯೇ?

ಬಂಡೆಗೆ ಸುಣ್ಣ ಬಿತ್ತು. ಹಸಿರು ಸೀರೆ ಬಂತು. ಬೇವಿನ ತೋರಣ, ತೆಂಗಿನ ಗರಿಯ ಚಪ್ಪರ ಬಂದವು. ಕೊನೆಗೆ ಫಳಫಳ ಹೊಳೆಯುವ ಎರಡು ಬೆಳ್ಳಿ ಕಣ್ಣು! ನಾಮಕರಣವೂ ಆಗಿಬಿಟ್ಟಿತು: ಬ್ಯಾನೆಮ್ಮ. ಹೊಟ್ಟೆಯ ಬ್ಯಾನೆ ಕಳೆಯುವ ತಾಯಿ.

ನಾನು ತಡೆಯಲಾರದೆ, "ಹುಲಿಗೆವ್ವ, ಇದು ಬರೇ ಕಲ್ಲು. ನಾ ಮಾಡಿದ್ದು ಯೋಗ" ಎಂದೆ. ಆಕೆ ಗಲ್ಲ ಗಲ್ಲ ಬಡಿದುಕೊಂಡಳು. "ಬಿಡ್ತು ಅನ್ರಿ ಟೀಚರ್ರ! ನೋಡಾಕತ್ತಾಳ!" ಹೌದು, ಆ ಬೆಳ್ಳಿ ಕಣ್ಣು ನನ್ನನ್ನೇ ನೋಡುತ್ತಿದ್ದವು. ನಾನು ಬಿಡ್ತು ಅಂದೆ.

ಮರುದಿನ ಚಾಪೆ ಹಾಸಲು ಹೋದರೆ ಯಾರೋ ಅಜ್ಜಿ, "ಏ, ಅಮ್ಮನ ಮುಂದ ಚಾಪಿ ಗೀಪಿ ಬ್ಯಾಡ. ಸಾಲಿನ್ಯಾಗ ಬಾ" ಎಂದು ಗದರಿದರು. ನನ್ನ ದೇವರು, ನನಗೇ ಸಾಲು! ಹೀಗೆ ನನಗಿದ್ದ ಒಂದೇ ಒಂದು ಜಾಗವೂ ಕೈತಪ್ಪಿತು.

ಆ ತಿಂಗಳ ನೋವು ಜೋರಾಗಿ ಬಂತು. ಮಾತ್ರೆ ನುಂಗಿ, ಬಿಸಿನೀರಿನ ಚೀಲ ಹೊಟ್ಟೆಗೆ ಅವುಚಿಕೊಂಡು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದೆ. ನೋವಿಗಿಂತ ಹೆಚ್ಚು ಚುಚ್ಚುತ್ತಿದ್ದುದು, ಇದು ನಾಟಕವಲ್ಲ ಎಂದು ಈ ಮನೆಯಲ್ಲಿ ಯಾರಿಗೆ ಹೇಗೆ ನಂಬಿಸಲಿ ಎಂಬುದು. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಭಾನುವಾರ ಎಲ್ಲಿಗೂ ಹೋಗಬ್ಯಾಡ. ಹಂಪಿ ಕಡೆ ಹೊಸಾ ಅಮ್ಮ ಎದ್ದಾಳಂತ. ಯಾರೋ ಟೀಚರಂತ, ಪಾಪ, ಭಾಳ ಬ್ಯಾನಿ ಇತ್ತಂತ. ಬಿದ್ದು ಅತ್ತು ಬೇಡ್ಕೊಂಡ್ಲಂತ. ಆರಾಮ ಆತಂತ!"

ಯಜಮಾನರು ಪೇಪರಿನ ಹಿಂದೆ ಕೆಮ್ಮಿದರು. ಬಂಡೆಯ ಕಥೆಯನ್ನೆಲ್ಲ ಅವರಿಗೆ ನಾನೇ ಹೇಳಿದ್ದೆ.

ಭಾನುವಾರ ಆಟೋದಲ್ಲಿ ಹೊರಟೆವು. ಚಪ್ಪರದ ಮುಂದೆ ಹೆಂಗಸರ ಸಾಲು. ಯಜಮಾನರು ಗಣಿಯ ಕಣ್ಣಿಂದ ಬಂಡೆಯನ್ನು ಪರೀಕ್ಷಿಸಿ ನನ್ನ ಕಿವಿಯಲ್ಲಿ, "ಇದರಾಗ ಅದಿರು ಇಲ್ಲ. ಅದಕ್ಕ ಇನ್ನಾ ಇಲ್ಲೇ ಉಳದೈತಿ" ಎಂದರು. ನಗು ಬಂದರೂ ನುಂಗಿಕೊಂಡೆ. ಯಾಕೆಂದರೆ ಸಾಲಿನ ಮುಂದಿದ್ದವರು ಅಡ್ಡಬೀಳುತ್ತಿದ್ದ ರೀತಿ ನೋಡಿ ನನಗೆ ದಿಗಿಲಾಗಿತ್ತು. ಮಂಡಿಯೂರಿ, ಮೊಣಕಾಲು ಅಗಲಿಸಿ, ಕೈ ಚಾಚಿ, ಹಣೆ ನೆಲಕ್ಕಿಟ್ಟು, "ಹ್ಞೂಂ"! ಅಪ್ಪಟ ಬಾಲಾಸನ. ನನ್ನ ತರಗತಿಯಲ್ಲಿ ಇಷ್ಟು ಶಿಸ್ತಿನಿಂದ ಯಾರೂ ಏನನ್ನೂ ಕಲಿತಿದ್ದಿಲ್ಲ.

ಮುಂದಿದ್ದ ಕಂಪ್ಲಿಯ ಹೆಂಗಸು ಪಕ್ಕದವಳಿಗೆ ಮೆಲ್ಲಗೆ ಹೇಳುತ್ತಿದ್ದಳು: "ಬಟ್ಟಿ ಒಗ್ಯಾಕ ಹೋದಾಕಿ ಕಣ್ಣಿಗೆ ಕತ್ತಲಿ ಬಂದು ಅಲ್ಲೇ ಬಿದ್ದೆ. ಮನ್ಯಾಗ ಹೇಳಿದ್ರ ನಾಟಕ ಅಂತಾರವ್ವ." ಪಕ್ಕದವಳು, "ನನ್ನ ಮಗಳೂ ತಿಂಗಳಿಗೊಮ್ಮೆ ಹಿಂಗ ಒದ್ದಾಡ್ತಾಳ" ಎಂದಳು. ಇಷ್ಟು ಜನ ಇದ್ದೇವೆಯೇ ನಾವು? ಯಾರಿಗೂ ಹೇಳಲಾಗದ್ದನ್ನು ಕಲ್ಲಿಗೆ ಹೇಳಲು ಬಂದಿದ್ದೇವಲ್ಲ!

"ಇದನ್ನ ಡಾಕ್ಟರಿಗೆ ತೋರಸ್ರವ್ವ. ಇದು ನಾಟಕ ಅಲ್ಲ, ಕಾಯಿಲಿ. ಔಷಧ ಅದಾವು" ಎಂದೆ, ಸ್ವಲ್ಪ ಜೋರಾಗಿಯೇ.

ಹುಲಿಗೆವ್ವ ತಿರುಗಿ ನೋಡಿದಳು. "ಅಗಾ, ಟೀಚರ್ರು ಬಂದ್ರು! ಮೊದ್ಲು ಅಮ್ಮ ಒಲಿದದ್ದು ಇವರಿಗೇ! ಕೇಳಿದ್ರೇನ್ರಬೇ? ಅಮ್ಮನ ಅಪ್ಪಣಿ ಆಗೈತಿ, ಎಲ್ಲರೂ ದವಾಖಾನಿಗೆ ಹೋಗ್ರಿ!"

ಸಾಲಿಗೆ ಸಾಲೇ ನನಗೆ ಕೈ ಮುಗಿಯಿತು. ವಿಜ್ಞಾನದ ಮಾತನ್ನು ಜನ ಇಷ್ಟು ಭಕ್ತಿಯಿಂದ ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು!

ಅತ್ತೆಯ ಬಾಯಿ ತೆರೆದೇ ಇತ್ತು. "ಆ ಟೀಚರು ನೀನಾ?"

"ಹೂನ್ರಿ ಅತ್ತಿ."

"ಬಿದ್ದು ಅಳೂವಷ್ಟು ನೋವಿತ್ತೇನು?"

"ಎಷ್ಟು ಸಲ ಹೇಳೀನ್ರಿ ನಿಮಗ."

ಅತ್ತೆ ಸೆರಗಿನ ಅಂಚು ಸುತ್ತುತ್ತಾ ನೆಲ ನೋಡಿದರು. "ನನಗೂ ಹಿಂಗ ಬರ್ತಿತ್ತು. ನಮ್ಮತ್ತಿ ಸುಮ್ನಿರು ಅಂದ್ರು. ಸುಮ್ನಿದ್ದೆ" ಎಂದರು. ಆಮೇಲೆ ಸೀರೆ ಎತ್ತಿ ಕಟ್ಟಿ, ನನ್ನ ಕೈ ಹಿಡಿದು, ಮೊಣಕಾಲು ಕಟಕಟ ಎನ್ನುತ್ತಿದ್ದರೂ ನನ್ನ ಪಕ್ಕದಲ್ಲೇ ಬಾಗಿ ಹಣೆ ಊರಿದರು. ಅವರನ್ನು ಮತ್ತೆ ಎಬ್ಬಿಸಲು ನಾನು, ಯಜಮಾನರು, ಹುಲಿಗೆವ್ವ ಮೂವರೂ ಬೇಕಾದೆವು.

ಈಗ ನಮ್ಮ ಮನೆಯಲ್ಲಿ ಬೆಳಗಿನ ಅರ್ಧ ಗಂಟೆ ನನ್ನದು. ಅತ್ತೆಯೇ ದೇವರ ಕೋಣೆಯ ಅರ್ಧ ಖಾಲಿ ಮಾಡಿ ಚಾಪೆ ಹಾಸಿಕೊಟ್ಟಿದ್ದಾರೆ. ಅಂಗಳಕ್ಕೆ ನೀರು ಅವರ ಮಗನೇ ಹಾಕುತ್ತಾರೆ. "ಸವಿತಾ, ಸಾಕ್ಸ್..." ಎಂದು ಶುರು ಮಾಡಿದರೆ, "ಬಾಯಿ ಮುಚ್ಚಲೇ! ಆಕಿ ಸೇವಾ ನಡದೈತಿ" ಎಂಬ ಗುಡುಗು ಬರುತ್ತದೆ. ಒಂದೇ ಷರತ್ತು. ಚಾಪೆಯ ಮುಂದೆ ಬ್ಯಾನೆಮ್ಮನ ಫೋಟೋ ಇರಲೇಬೇಕು. ಯಜಮಾನರೇ ಮೊಬೈಲಿನಲ್ಲಿ ತೆಗೆದು ಕಟ್ಟು ಹಾಕಿಸಿ ತಂದಿದ್ದಾರೆ. ನಾನು ಒಪ್ಪಿದೆ. ಫೋಟೋ ಏನು ಮಾಡುತ್ತದೆ? ನಾನು ಮಾಡುವುದು ಯೋಗ, ನುಂಗುವುದು ಮಾತ್ರೆ.

ಮೊನ್ನೆ ನೋವು ಮತ್ತೆ ಬಂತು. ಮಾತ್ರೆ ನುಂಗಿ, ಅದು ಕೆಲಸ ಮಾಡುವವರೆಗೆ ಬಾಲಾಸನದಲ್ಲಿ ಹಣೆಯೂರಿದೆ. ಸೊಂಟ ಹಿಂಡುತ್ತಿತ್ತು. ಒಂದು ಕಣ್ಣು ತೆರೆದು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಮೂಢನಂಬಿಕೆಯ ಪಾಠ ಮಾಡುವ ನಾನು, ನಾನೇ ಹುಟ್ಟಿಸಿದ ಕಲ್ಲಿನ ಫೋಟೋಗೆ, ಯಾರಿಗೂ ಕೇಳದಂತೆ, "ಸ್ವಲ್ಪ ನೋಡವ್ವ ತಾಯಿ" ಎಂದೆ.

ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು:

"ಜೋರಾಗಿ ಹೇಳವ್ವ! ಆಕಿಗೆ ಕಣ್ಣಷ್ಟ ಹಚ್ಚ್ಯಾರ, ಕಿವಿ ಇನ್ನಾ ಹಚ್ಚಿಲ್ಲ!"