ಕಂಬಳಿ ಕೊಪ್ಪೆಯೊಳಗೆ ಯಾರಿದ್ದರು?

ಚಿರತೆ ಎದುರಾದರೆ ಓಡಬಾರದೆಂದು ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ನನಗೆ ಚೆನ್ನಾಗಿ ಗೊತ್ತಿತ್ತು. ಚಿರತೆ ಬರುವವರೆಗೂ ಗೊತ್ತಿತ್ತು.

ಅಂದು ಸಂಜೆ ದೊಡ್ಡೇರಿ ಹತ್ತಿರದ ನಮ್ಮ ಹೊಲದಲ್ಲಿ ಜಡಿಮಳೆ. ಕುರಿ ಕಾಯುವ ಕೆಂಚಮ್ಮಜ್ಜಿ ಕಂಬಳಿ ಕೊಪ್ಪೆ ಹಾಕಿಕೊಂಡು ಮಂದೆ ಹೊಡೆದುಕೊಂಡು ಬರುತ್ತಿದ್ದಳು. ವಿಡಿಯೊ ತೆಗೆಯಲು ಮೊಬೈಲನ್ನು ಬಂಡೆಗೆ ಒರಗಿಸಿ, ನಾನೂ ಹೋಗಿ ಕುರಿಗಳ ನಡುವೆ ನಿಂತೆ. ಪೊದೆಯಿಂದ ಚಿರತೆ ಹೊರಬಂತು. ನಮ್ಮಿಬ್ಬರಲ್ಲಿ ಒಬ್ಬರು ಕೋಲೆತ್ತಿ ಗದರಿಸುತ್ತ ನಿಂತರು, ಒಬ್ಬರು ಓಡಿದರು. ಚಿರತೆ ಪೊದೆಗೇ ಹಿಂದಿರುಗಿತು. ಅದು ಗುರುಗುಟ್ಟಿದ ಸದ್ದು ಇನ್ನೂ ಕಿವಿಯಲ್ಲಿದೆ. ಕುಕ್ಕರ್ ಕೂಗಿದರೂ ಬೆಚ್ಚುತ್ತೇನೆ.

ಒಂದೇ ಚಪ್ಪಲಿಯಲ್ಲಿ ಮನೆ ಸೇರಿದಾಗ ಹೆಂಡತಿ ಶಾರದೆ ಕಾರಣ ಕೇಳಿದಳು. ಅಜ್ಜಿ ಓಡಿಹೋದಳು, ಅವಳ ಕಂಬಳಿ ಹೊದ್ದು ಚಿರತೆಯನ್ನು ಅಟ್ಟಿದವನು ನಾನೇ ಎಂದೆ. ಮರುದಿನ ಅಜ್ಜಿ ಹೊಲದಿಂದ ತಂದುಕೊಟ್ಟ ಮೊಬೈಲಿನ ಒಡೆದ ಗಾಜಿನಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ.

ಅರಣ್ಯ ಇಲಾಖೆಯ ಗಾರ್ಡ್ ಬಂದು, "ನಾಯಿ ಇರ್ಬೇಕು ಸಾರ್. ಕ್ಲಿಯರ್ ಆಗಿರೋ ವಿಡಿಯೊ ಲಿಂಕ್ ಕಳ್ಸಿ, ಬೋನು ಇಡ್ತೀವಿ" ಎಂದ. ಮಂದೆಯನ್ನು ಎಲ್ಲಿ ಮೇಯಿಸಲೆಂದು ಕೆಂಚಮ್ಮಜ್ಜಿ ನಮ್ಮ ಜಗುಲಿಯಲ್ಲೇ ಕುಳಿತಳು.

ನಾನು ವೈಜ್ಞಾನಿಕವಾಗಿ ಮೂರು ಜಾಲತಾಣಗಳಿಗೆ ವಿಡಿಯೊ ಏರಿಸಿ ಗುಣಮಟ್ಟ ಹೋಲಿಸಿದೆ. ಮೊದಲನೆಯದರಲ್ಲಿ ಚಿರತೆ ಗೋಣಿಚೀಲದಂತಿತ್ತು. ಎರಡನೆಯದರಲ್ಲಿ ಚೀಲಕ್ಕೆ ಬಾಲ ಬಂತು. ಮೂರನೆಯದನ್ನು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ತೆರೆದರೆ ಮೈಮೇಲಿನ ಚುಕ್ಕೆಗಳನ್ನೇ ಎಣಿಸಬಹುದು! ಹೆಮ್ಮೆಯಿಂದ ಪಕ್ಕಕ್ಕೆ ಕಣ್ಣು ಹೊರಳಿಸಿದೆ. ಕೊಪ್ಪೆಯೊಳಗೆ ಅಜ್ಜಿಯ ಮೂಗುಬೊಟ್ಟು ಹೊಳೆಯುತ್ತಿತ್ತು. ಇನ್ನೊಬ್ಬ ಮಹಾಶಯನ ಕೊರಳಿನಿಂದ ಕಾಲೇಜಿನ ಗುರುತಿನ ಚೀಟಿ ಹಿಂದಕ್ಕೆ ಹಾರುತ್ತಿತ್ತು.

ಎರಡನೆಯ ತಾಣವೇ ಸಾಕೇನೋ ಎಂದು ಯೋಚಿಸಿದೆ. ಕೊನೆಗೆ ಅಜ್ಜಿಯ ಮುಂದೆ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಅವಳು ಎಲೆಯಡಿಕೆ ಮೆಲ್ಲುತ್ತಲೇ, "ಕಂಬ್ಳಿ ಒಳಗೆ ನೀನೇ ಇದ್ದೆ ಅಂತ ಹೇಳ್ಕಳಪ್ಪ, ನಾನೇನ್ ಬ್ಯಾಡ ಅಂತೀನಾ? ಬೋನು ಮಾತ್ರ ತರ್ಸ್‌ಬುಡು. ಇವತ್ತೂ ಹಟ್ಟಿ ತಾವ ಹೆಜ್ಜೆ ಬಿದ್ದೈತೆ" ಎಂದಳು.

ಮೂರನೆಯ ಲಿಂಕನ್ನೇ ಕಳಿಸಿದೆ.

ಗಾರ್ಡ್ ಶಾರದೆಯ ಎದುರಿಗೇ ಚಿತ್ರವನ್ನು ಹಿಗ್ಗಿಸಿ ನೋಡಿದ. "ಚಿರತೆ ಸರಿ ಸಾರ್. ಈ ಬೇಲಿ ಹಾರ್ತಿರೋದು ಯಾವ ಪ್ರಾಣಿ?"

ಸಂಜೆಯೊಳಗೆ ಬೋನು ಬಂತು. ಶಾರದೆ ವಿಡಿಯೊವನ್ನು ಮೂರು ಸಲ ನೋಡಿ, "ಚಪ್ಲಿ ಜಾಲಿ ಮುಳ್ಳಲ್ಲಿ ನೇತಾಡ್ತೈತೆ, ಎಷ್ಟು ಚೆನ್ನಾಗಿ ಕಾಣ್ತೈತೆ ನೋಡ್ರಿ. ಹೋಗಿ ತಗಂಬನ್ನಿ" ಎಂದಳು.

ಹೊರಟೆ. ಗೇಟಿನವರೆಗೂ ಹೋದೆ.

ಚಪ್ಪಲಿಯನ್ನು ಕೆಂಚಮ್ಮಜ್ಜಿ ತಂದುಕೊಟ್ಟಳು.