ಟಗರು ಕೊಟ್ಟ ಅಪ್ಪಣೆ

ಟಗರು ಮೈ ಒದರಲಿಲ್ಲ. ಗಲಾಟೆಗೆಲ್ಲ ಅದೇ ಮೂಲ.

ತಮಿಳುನಾಡಿನ ಮೇಚೇರಿ ಪಕ್ಕದ ಆ ಕನ್ನಡದವರ ಹಟ್ಟಿಯಲ್ಲಿ ಹೊಸ ಕೆಲಸ ಏನೇ ಇರಲಿ, ಮೊದಲು ಮನೆಯ ಟಗರಿನ ಬೆನ್ನಿಗೆ ಅರಿಸಿನದ ನೀರು ಚಿಮುಕಿಸಬೇಕು. ಅದು ಮೈ ಒದರಿದರೆ ದೇವರು ಒಪ್ಪಿದ ಹಾಗೆ. ಇವತ್ತಿನ ಕೆಲಸವೋ, ಬಯೋಮೆಡಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದ ಮೋಹನ್‌ರಾಜ್ ತಯಾರಿಸಿದ, ಕುರಿಯ ಎದೆಬಡಿತ ತೋರಿಸುವ ಬೆಲ್ಟಿನ ಪರೀಕ್ಷೆ. ಗೆದ್ದರೆ ಬೇಸಿಗೆಯ ಮೂರು ತಿಂಗಳು ಚೆನ್ನೈನ ಸಂಶೋಧನಾಲಯದಲ್ಲಿ ಜಾಗ. ಇರುವುದು ಒಂದೇ ಜಾಗ. ಧರ್ಮಪುರಿಯ ಹುಡುಗಿಯೊಬ್ಬಳೂ ಅದಕ್ಕೇ ಕಾದು ಕೂತಿದ್ದಳು. ಪರೀಕ್ಷೆ ನೋಡಲು ಬಂದ ಪ್ರೊಫೆಸರ್ ಕಲೈವಾಣಿ ಮೇಡಂ ಹುಣಸೆಮರದ ಕೆಳಗೆ ನಿಂತು ಗಡಿಯಾರ ನೋಡುತ್ತಿದ್ದರು.

ಮೋಹನ್‌ರಾಜನ ಅಜ್ಜಿ ಮುನಿವೆಂಕಟಮ್ಮ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಕೇಳಿಕೊಂಡು ನೀರು ಚಿಮುಕಿಸಿದಳು. ಟಗರು ಆರಾಮಾಗಿ ಮೆಲುಕು ಹಾಕಿತು.

"ಅಪ್ಪಣೆ ಆಗ್ಲಿಲ್ಲ. ಮಿಷಿನ್ ಕಟ್‌ಬ್ಯಾಡ ಕಣ್ಲಾ."

"ಅಜ್ಜೀ, ಮೇಡಂ ಒಂಟೋಯ್ತಾರೆ!"

ಪಕ್ಕದ ಮನೆಯ ಸುಬ್ಬರಾಯಪ್ಪನಿಗೆ ಸಲಹೆ ಕೊಡದಿದ್ದರೆ ಉಂಡದ್ದು ಅರಗುವುದಿಲ್ಲ. "ಕಿವೀಗೆ ಬುಡ್ರಲಾ ನೀರ," ಅಂದ. ಬಿಟ್ಟರು. ಟಗರು ಅವನ ಪಂಚೆಯ ಅಂಚು ಜಗಿಯಿತು. "ಬಾಲದ್ ಬುಡಕ್ಕೆ ಬುಡ್ರಿ." ಬಿಟ್ಟರು. ಅದು ಹಾಯ್ದು ಅವನನ್ನೇ ಕೆಡವಿತು.

"ಇನ್ನು ಅಂಜೇ ನಿಮಿಷ, ತಂಬಿ," ಎಂದು ಮೇಡಂ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಐದು ಬೆರಳು ತೋರಿಸಿ ಕಾರಿನ ಬಾಗಿಲು ತೆರೆದರು.

ಮೋಹನ್‌ರಾಜ್ ತೊಟ್ಟಿಯ ಕಡೆಗೆ ಓಡಿದ. ನಾಲ್ಕು ವರ್ಷದ ಓದು ಒಂದು ಟಗರಿನ ಚರ್ಮದ ಮೇಲೆ ನಿಂತಿತ್ತು. ತೊಟ್ಟಿಯಿಂದ ಬಿಂದಿಗೆ ತುಂಬ ತಣ್ಣೀರು ಮೊಗೆದವನೇ ಅದರ ಬೆನ್ನ ಮೇಲೆ ಒಂದೇ ಸಲ ಸುರಿದುಬಿಟ್ಟ. ಟಗರು ಮೂತಿಯಿಂದ ಬಾಲದವರೆಗೆ ಮೈ ಒದರಿತು. ಸುತ್ತ ನಿಂತವರೆಲ್ಲ ನೆಂದರು.

"ಅಪ್ಪಣೆ ಆಯ್ತು! ಎಲ್ರೂ ನೋಡಿದ್ರಲ್ಲಾ? ಸಾಮಿ ಒಪ್ತು!" ಎಂದು ಮೋಹನ್‌ರಾಜ್ ಕೂಗಿದ.

"ಸಾಮಿ ಮಾತ ಮೀರಾಂಗಿಲ್ಲ ಮತ್ತೆ," ಎಂದಳು ಅಜ್ಜಿ.

"ಮೀರಿದ್ರೆ ನನ್ನ ಕೇಳು!"

ಟಗರನ್ನು ಒರೆಸಿ ಬೆಲ್ಟು ಕಟ್ಟಿದ. ಎದೆಬಡಿತ ತೊಂಬತ್ತಾರು. ಮೇಡಂ ಸ್ಟೆತೊಸ್ಕೋಪು ಇಟ್ಟು ಎಣಿಸಿದರು. ತೊಂಬತ್ತಾರೇ!

"ಸೂಪರ್, ತಂಬಿ! ಚೆನ್ನೈ ಜಾಗ ನಿನಗೇ."

ಮೋಹನ್‌ರಾಜನಿಗೆ ಕಣ್ಣಲ್ಲಿ ನೀರು ಬಂತು. ಓಡಿಹೋಗಿ ಅಜ್ಜಿಯ ಕಾಲಿಗೆ ಬಿದ್ದ.

"ಮದ್ರಾಸ್‌ಗಾ? ಅದೆಂಗ್ಲಾ ಓಯ್ತೀಯ?" ಅಜ್ಜಿ ಬೆಚ್ಚಿದಳು. "ಮೆಟ್ಟೂರು ಡ್ಯಾಮಲ್ಲಿ ನೀರು ಇಳ್ದು, ಬಯಲಾಗಿ ಹುಲ್ಲು ಎದ್ದೈತೆ. ಮಿಷಿನ್ ಕಟ್ಲಾ ಅಂತ ಕೇಳ್ದಾಗ್ಲೇ, ಈ ಬ್ಯಾಸ್ಗೆ ಮೂರು ತಿಂಗ್ಳು ಆ ಬಯಲಲ್ಲಿ ಮಂದೆ ಮೇಯ್ಸಾಕೆ ಇವನ್ನೇ ಕಳಿಸ್ಲಾ ಅಂತ್ಲೂ ನಾ ಸಾಮಿನ ಕೇಳಿದ್ದೆ. ಎಲ್ಡಕ್ಕೂ ಊಂ ಅಂತು."

"ನಾವೆಲ್ಲಾ ಸಾಕ್ಷಿ," ಎಂದ ಸುಬ್ಬರಾಯಪ್ಪ, ಒದ್ದೆ ಪಂಚೆ ಹಿಂಡುತ್ತಾ.

ಈಗ ವಿಜ್ಞಾನವೇ ಗತಿ. ಮೋಹನ್‌ರಾಜ್ ಮೇಡಂ ಕಡೆಗೆ ತಿರುಗಿದ. "ಮೇಡಂ, ತಣ್ಣೀರು ಬಿದ್ರೆ ಯಾವ ಕುರಿಯಾದ್ರೂ ಮೈ ಒದರ್ತದೆ ಅಂತ ನೀವಾದ್ರೂ ಯೋಳಿ!"

ಮೇಡಂ ಚಪ್ಪಲಿ ಬಿಟ್ಟು, ಟಗರಿಗೆ ಭಕ್ತಿಯಿಂದ ಕೈಮುಗಿದರು.

"ಎಂಗ... ನಮ್ಮ ಊರಲ್ಲೂ ಇದೇ ಪದ್ಧತಿ, ತಂಬಿ. ಸಾಮಿ ಮಾತು ಮೀರಬಾರದು," ಎಂದು ಹೇಳಿ, ಧರ್ಮಪುರಿಯ ಹುಡುಗಿಗೆ ಫೋನು ಹಚ್ಚಿದರು.