ನೂರೈವತ್ತು ಎಚ್‌ಪಿ ಮೋಟರೂ ಬಾಯಿ ಮುಚ್ಚದ ಸಾಹುಕಾರನೂ

ಎರಡು ಲಕ್ಷ ಹತ್ತು ಸಾವಿರ ರೂಪಾಯಿಯ ವ್ಯವಹಾರ. ಮುಂಡಗೋಡ ಕಡೆಯ ಜಲ್ಲಿ ಕ್ರಷರಿನ ಸಾಹುಕಾರನೊಬ್ಬನ ಮೋಟರು ಸುಟ್ಟು ಕರಕಲಾಗಿತ್ತು. ರಸ್ತೆಯ ಗುತ್ತಿಗೆದಾರ ಜಲ್ಲಿ ಎಲ್ಲಿ ಎಂದು ದಿನಾ ಫೋನು ಹಚ್ಚುತ್ತಿದ್ದ. ಹೊಸ ಮೋಟರಿಗೆ ಅದರ ಎರಡು ಮೂರು ಪಟ್ಟು ದುಡ್ಡು ಸುರಿಯಲು ಸಾಹುಕಾರನಿಗೆ ಮನಸ್ಸಿಲ್ಲ. ನಾನು ಹಳಿಯಾಳದಲ್ಲಿ ಹಳೇ ಯಂತ್ರಗಳ ವ್ಯಾಪಾರಿ. ನೂರೈವತ್ತು ಎಚ್‌ಪಿಯ ಮೋಟರು ಹುಡುಕಿ, ಒಯ್ದು, ಕೂರಿಸಿ ಕೊಟ್ಟರೆ ಅವನು ಕೊಡುವುದು ಎರಡು ಹತ್ತು. ಅದಕ್ಕಿಂತ ಕಡಿಮೆಯಲ್ಲಿ ಮುಗಿಸಿದರೆ ಉಳಿದದ್ದು ನನ್ನದು. ಒಂದು ವರ್ಷದೊಳಗೆ ಮೋಟರು ಸುಟ್ಟರೆ ಒಳಗೆ ತಾಮ್ರದ ತಂತಿ ಹೊಸದಾಗಿ ಸುತ್ತಿಸುವ ವೈಂಡಿಂಗಿನ ಖರ್ಚೂ ನನ್ನದೇ.

ಕರಾರಿನಲ್ಲಿ ತಪ್ಪೇನಿರಲಿಲ್ಲ. ತಪ್ಪಾದದ್ದು, "ಕಾಕಾ, ನಾನೂ ನಿಮ್ಮ ಜೋಡಿ ಬರ್ತೇನಿ" ಎಂದು ಸಾಹುಕಾರ ಜೀಪು ಹತ್ತಿದ್ದು. ಹಳೇ ಮೋಟರು ನೋಡಲು ಹೋದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ, ಅದು ನನಗೆ ರೂಢಿ. ಆದರೆ ಕೊಳ್ಳುವವನೇ ಮಾರುವವನ ಎದುರು ಮಾಲು ಹೊಗಳುವುದು ರೂಢಿಯಿರಲಿಲ್ಲ.

ಹಸಿರು ಬಣ್ಣ

ಮೊದಲು ಹೋದದ್ದು ದಾಂಡೇಲಿಯ ಒಂದು ಗುಜರಿ ಅಂಗಡಿಗೆ. ಮೋಟರು ಗಿಳಿಹಸಿರು ಬಣ್ಣ ಬಳಿದುಕೊಂಡು ಮದುಮಗನಂತೆ ನಿಂತಿತ್ತು. ಮೇಲೆ ಕೈಯಿಟ್ಟೆ. ಕೈ ಹಸಿರಾಯಿತು.

"ಎಷ್ಟ್ ಚಂದ ಐತ್ರಿ ಕಾಕಾ!" ಎಂದ ನಮ್ಮ ಸಾಹುಕಾರ. "ನಮ್ಮ ಶೆಡ್ಡಿನ ಬಣ್ಣಕ್ಕ ಬರೋಬ್ಬರಿ ಹೊಂದತೈತಿ."

ಫೋನಿನಲ್ಲಿ ಒಂದು ನಲವತ್ತು ಎಂದಿದ್ದ ಗುಜರಿಯವನು ಅಲ್ಲೇ ಒಂದು ಅರವತ್ತು ಎಂದ. ನಾನು ಹಲ್ಲು ಕಚ್ಚಿಕೊಂಡು ಶಾಫ್ಟು ಹಿಡಿದು ತಿರುಗಿಸಲು ನೋಡಿದೆ. ಅಲುಗಲಿಲ್ಲ.

"ಕೈಲೆ ಹೆಂಗ್ ತಿರಗತೈತ್ರಿ ಯಜಮಾನ್ರ? ಕರೆಂಟ್ ಕೊಟ್ರ ತಿರಗತೈತಿ," ಎಂದ ಗುಜರಿಯವನು.

"ಖರೇ ಐತ್ರಿ ಕಾಕಾ. ನಮ್ಮದೂ ಕರೆಂಟ್ ಕೊಟ್ಟಾಗನ ತಿರಗತಿತ್ತು," ಎಂದು ಸಾಹುಕಾರ ಸಾಕ್ಷಿ ನುಡಿದ.

ನಾನು ಪಕ್ಕದ ಮುಚ್ಚಳ ಬಿಚ್ಚಿಸಿ ಟಾರ್ಚು ಹಾಕಿದೆ. ಒಳಗೆ ತಾಮ್ರದ ತಂತಿ ತುಂಬಿ ಕೂತಿರಬೇಕಾದಲ್ಲಿ ಒಂದೆಳೆ ತಂತಿಯಿಲ್ಲ. ಆಚೆ ಬದಿಯ ಗೋಡೆ ಕಾಣುತ್ತಿತ್ತು.

"ತಾಮ್ರ ಎಲ್ಲೈತಿ?" ಎಂದೆ.

"ಅದನ್ನ ಬ್ಯಾರೇ ಮಾರೇವ್ರಿ," ಎಂದ ಅವನು, ಮುಖದಲ್ಲಿ ಅಳುಕೇ ಇಲ್ಲದೆ. "ಹಗರ ಆಗೇತಿ ನೋಡ್ರಿ. ನಿಮಗ ಕ್ರೇನಿನ ಖರ್ಚು ಉಳೀತು."

ಸಾಹುಕಾರ ನನ್ನ ಕಡೆ ತಿರುಗಿ, "ಅದೂ ಒಂದು ಉಳಿತಾಯನ ಅಲ್ರಿ ಕಾಕಾ?" ಎಂದ. ಹಸಿರು ಕೈಯನ್ನು ಅವನ ಬಿಳಿ ಅಂಗಿಯ ಬೆನ್ನಿಗೆ ಒರೆಸಿ ಜೀಪು ಹತ್ತಿದೆ.

ಕಾವಿಗೆ ಕೂತವಳು

ಎರಡನೆಯದು ಜೋಯಿಡಾದ ಆಚೆ, ಕುಂಬಾರವಾಡದ ದಾರಿಯಲ್ಲಿ. ಗಣಿಯೊಂದು ನಿಂತುಹೋದಾಗ ಅದರ ನೀರೆತ್ತುವ ಮೋಟರನ್ನು ಅಲ್ಲಿಯವನೊಬ್ಬ ಕೊಂಡು ಮನೆಯ ಹಿಂದಿನ ಮಾಡಿನಲ್ಲಿ ಇಟ್ಟಿದ್ದ. "ಬಸಾ, ಬಸಾ, ಚಾ ಘೆಯಾ," ಎಂದು ಕೊಂಕಣಿಯಲ್ಲಿ ಚಹಾಕ್ಕೆ ಕೂರಿಸಿ, ನಮಗಾಗಿ ಕನ್ನಡಕ್ಕೆ ತಿರುಗಿ, "ಹೋದ ತಿಂಗಳ ತನಕ ಓಡ್ತಾ ಇತ್ತು. ಗಾಳಿ ಹಾಗೆ ಓಡ್ತಿತ್ತು," ಎಂದ.

ನೋಡಲು ಚೆನ್ನಾಗಿಯೇ ಇತ್ತು. ಹಿಂಬದಿಯ ಫ್ಯಾನಿನ ಮುಚ್ಚಳ ಒಡೆದಿತ್ತು, ಅದು ದೊಡ್ಡದಲ್ಲ. ಶಾಫ್ಟಿಗೆ ಕೈ ಹಾಕಿ ಒಂದು ಸುತ್ತು ತಿರುಗಿಸಹೋದೆ. ಒಳಗಿನಿಂದ "ಕೊಕ್" ಎಂದಿತು.

ಬೇರಿಂಗು ಎಷ್ಟೋ ಥರ ಕೂಗುವುದನ್ನು ಕೇಳಿದ್ದೇನೆ. ಇದು ಹೊಸದು. ಬಗ್ಗಿ ನೋಡಿದರೆ ಫ್ಯಾನಿನ ಸಂದಿಯಲ್ಲಿ ಒಣ ಹುಲ್ಲು, ಹುಲ್ಲಿನ ಮೇಲೆ ಕೋಳಿ, ಕೋಳಿಯ ಕೆಳಗೆ ಮೊಟ್ಟೆ.

"ಈಗ ತಿರುಗಿಸಬೇಡಿ," ಎಂದ ಮನೆಯವನು. "ಮರಿ ಆದ ಮೇಲೆ ಬನ್ನಿ."

"ಕೋಳಿ ಎಬ್ಬಸ್ರಿ, ಐದು ನಿಮಿಷದ ಕೆಲಸ," ಎಂದೆ.

ನಮ್ಮ ಸಾಹುಕಾರ ಮೊಟ್ಟೆಯನ್ನು ಬಾಯಿಗೆ ಬಿಡಿ, ಮನೆಗೂ ತರದವನು. ಅವನ ಕರುಳು ಚುರುಕ್ ಎಂದಿತು. "ಬ್ಯಾಡ್ರಿ ಕಾಕಾ! ಬಸರಿ ಬಾಣಂತಿ ಇದ್ದಂಗ ಅದು. ಜೀವ ಇದ್ದ ಮೋಟರು ಇದು, ಇದನ್ನ ತಗೊಳ್ಳೂಣು. ಬೇಕಾದ್ರ ತಡದು ಬರೂಣು."

"ನಿಮ್ಮ ಗುತ್ತಿಗೆದಾರ ತಡೀತಾನೇನ್ರಿ?" ಎಂದು ನಾನು ರೇಗುತ್ತಿರುವಾಗ ಮನೆಯಾಕೆ ಚಹಾ ತಂದಳು. ಕೋಳಿಯ ಮಾತೆಂದು ತಿಳಿದು ಅವಳ ಮುಖ ಅರಳಿತು.

"ಇದು ಹುಟ್ಟಿದ್ದೂ ಅಲ್ಲೇ. ಇದರ ತಾಯಿ ಹುಟ್ಟಿದ್ದೂ ಅಲ್ಲೇ. ಆ ಜಾಗ ಬಿಟ್ಟು ಬೇರೆ ಕಡೆ ಕೂರೋದೇ ಇಲ್ಲ ನೋಡಿ."

ಗಂಡ ಚಹಾದ ಬಸಿಯೊಳಗೆ ಮುಖ ಇಳಿಸಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೋದ ತಿಂಗಳ ತನಕ ಗಾಳಿಯ ಹಾಗೆ ಓಡಿದ ಮೋಟರು ನಿಜವಾಗಿ ಕಡೆಯ ಸಲ ಓಡಿದ್ದು ಈ ಕೋಳಿಯ ಅಜ್ಜಿಯ ಕಾಲದಲ್ಲಿ.

ಹುಳಿ ವಾಸನೆ

ಊರೆಲ್ಲ ಸುತ್ತಿ ಕಡೆಗೆ ಮೋಟರು ಸಿಕ್ಕಿದ್ದು ನನ್ನ ಹಳಿಯಾಳದಲ್ಲೇ, ಮುಚ್ಚಿದ ಹತ್ತಿ ಗಿರಣಿಯೊಂದರಲ್ಲಿ. ಗಿರಣಿಯ ಅಜ್ಜಾರು ವಿಭೂತಿ ಹಚ್ಚಿಕೊಂಡು ಕೂತಿದ್ದರು, ಮೋಟರೂ ವಿಭೂತಿ ಹಚ್ಚಿಕೊಂಡು ಕೂತಿತ್ತು. ಕಂಪನಿಯ ಮೂಲ ಬಣ್ಣ ಹಾಗೇ ಇತ್ತು. ಶಾಫ್ಟು ಒಂದು ಕೈಗೆ ಬೆಣ್ಣೆಯಂತೆ ತಿರುಗಿತು, ಬೇರಿಂಗು ಸದ್ದಿಲ್ಲ, ಸಡಿಲವಿಲ್ಲ. ಇದೇ ನಮ್ಮ ಮೋಟರು ಎಂದುಕೊಂಡೆ. ಮುಖ ಮಾತ್ರ ಹುಳಿ ಮಾಡಿಕೊಂಡೇ ನಿಂತೆ. ಸಾಹುಕಾರನಿಗೆ ಜೀಪಿನಲ್ಲೇ ಹೇಳಿದ್ದೆ: "ಒಳಗ ಹೋದಮ್ಯಾಲ ಒಂದು ಮಾತು ಆಡಿದ್ರ ವ್ಯವಹಾರ ಬಂದ್."

ಇನ್ನು ಉಳಿದದ್ದು ಮೆಗ್ಗರು. ಒಳಗಿನ ತಂತಿಯಿಂದ ಕರೆಂಟು ಮೈಯ ಕಬ್ಬಿಣಕ್ಕೆ ಸೋರುತ್ತದೆಯೇ ಎಂದು ಹೇಳುವ ಡಬ್ಬಿ ಅದು. ಹಚ್ಚಿದೆ. ಮುಳ್ಳು ಸೊನ್ನೆಯಲ್ಲಿ ಸತ್ತು ಬಿತ್ತು, ಅಂದರೆ ಪೂರಾ ಸೋರಿಕೆ.

"ಸಾಧ್ಯ ಇಲ್ಲ," ಎಂದರು ಅಜ್ಜಾರು. "ನಾ ಒಂದು ಅಮಾಸಿ ಬಿಟ್ಟಿಲ್ಲ. ಗಿರಣಿ ಮುಚ್ಚಿದಮ್ಯಾಲೂ ಬಿಟ್ಟಿಲ್ಲ."

"ಅಮಾಸಿಗೆ ಏನ್ ಮಾಡ್ತೀರಿ ಅಜ್ಜಾರ?"

"ಕಾಯಿ ಒಡೀತೇನಿ. ಇಲ್ಲೇ," ಎಂದು ತಂತಿ ಜೋಡಿಸುವ ಪೆಟ್ಟಿಗೆಯ ಮುಚ್ಚಳ ತಟ್ಟಿದರು. ಎರಕದ ಮುಚ್ಚಳ ನಟ್ಟನಡುವೆ ಸೀಳಿತ್ತು. ಬಿಚ್ಚಿಸಿದೆ. ಒಳಗೆ ಅಕ್ಷತೆ, ಅರಿಶಿನ, ತೆಂಗಿನ ಚೂರು, ಅದೆಷ್ಟೋ ಅಮಾಸಿಯ ಕಾಯಿನೀರು. ಮೂಗು ಹಾಕಿ ನೋಡಿದೆ. ಸುಟ್ಟ ವೈಂಡಿಂಗು ಕಮರು ನಾರುತ್ತದೆ. ಇದು ಹಳಸಿದ ಚಟ್ನಿಯ ವಾಸನೆ. ಅಂದರೆ ವೈಂಡಿಂಗು ಗಟ್ಟಿ, ಪೆಟ್ಟಿಗೆಯಷ್ಟೇ ಒದ್ದೆ. ತೊಳೆದು ಒಣಗಿಸಿದರೆ ಮುಗಿಯಿತು.

ಅದನ್ನು ಬಾಯಿಬಿಟ್ಟು ಹೇಳಲು ನನಗೇನು ಹುಚ್ಚೇ? ದೊಡ್ಡದಾಗಿ ನಿಟ್ಟುಸಿರು ಬಿಟ್ಟು ಡಬ್ಬಿ ಮುಚ್ಚಿದೆ. ಅಜ್ಜಾರ ಮುಖ ಇಳಿಯಿತು. "ಹೋಗ್ಲಿ ಬಿಡು, ಒಂದು ಲಕ್ಷಕ್ಕ…" ಎಂದು ಅವರು ಬಾಯಿ ತೆರೆಯುವುದಕ್ಕೂ ಸಾಹುಕಾರ ಎರಡೂ ಕೈ ಮುಗಿಯುವುದಕ್ಕೂ ಸರಿಹೋಯಿತು.

"ಅಜ್ಜಾರ, ಇಷ್ಟ್ ಪೂಜಿ ಉಂಡ ಮೋಟರು ನಮ್ಮ ಶೆಡ್ಡಿಗೆ ಬರೂದಂದ್ರ ನಮ್ಮ ಪುಣ್ಯಾ! ಬಿಡಂಗಿಲ್ಲ ನಾ ಇದನ್ನ!"

ಅಜ್ಜಾರು ನೆಟ್ಟಗೆ ಕೂತರು. "ಪುಣ್ಯಾನ ಅನ್ನೂದಾದ್ರ ಒಂದೂವರಿ ಆಗತೈತಿ."

ಒಂದು ರೂಪಾಯಿ ಇಳಿಯಲಿಲ್ಲ. ಸಾಹುಕಾರನ ಒಂದು ನಮಸ್ಕಾರಕ್ಕೆ ಬಿದ್ದ ಬೆಲೆ ಐವತ್ತು ಸಾವಿರ, ಅದೂ ನನ್ನ ಕಿಸೆಯಿಂದ.

ಕಲ್ಲು

ಪೆಟ್ಟಿಗೆ ತೊಳೆದು, ಹೊಸ ಮುಚ್ಚಳ ಹಾಕಿಸಿ, ಬಲ್ಬುಗಳ ಕಾವಿನಲ್ಲಿ ಒಣಗಿಸಿದ ಮೇಲೆ ಮೆಗ್ಗರಿನ ಮುಳ್ಳು ಎದ್ದು ಕೂತಿತು. ಕ್ರಷರಿನಲ್ಲಿ ಕೂರಿಸಿದೆವು. ಗುಂಡಿ ಒತ್ತುವ ಮೊದಲು ಸಾಹುಕಾರ ತೆಂಗಿನಕಾಯಿ ಎತ್ತಿ ಹಿಡಿದ, ನೇರ ಪೆಟ್ಟಿಗೆಯ ಮೇಲೆ.

"ಏ, ಏ, ಏ! ತಡೀರಿ!" ಎಂದು ನಾನು ಮೋಟರನ್ನು ತಬ್ಬಿದೆ.

"ಅಜ್ಜಾರು ಫೋನ್ ಮಾಡಿ ಹೇಳ್ಯಾರ್ರಿ ಕಾಕಾ. ಅಮಾಸಿಗೊಂದು ಕಾಯಿ ಬಿಟ್ರ ಮೋಟರಿಗೆ ಸಿಟ್ಟು ಬರತೈತಂತ."

ಒಂದು ವರ್ಷದ ವೈಂಡಿಂಗು ನನ್ನ ತಲೆಯ ಮೇಲಿದೆ. ಪಕ್ಕದಲ್ಲಿ ಬಿದ್ದಿದ್ದ ಕಪ್ಪು ಕಲ್ಲೊಂದನ್ನು ತಂದು ಮೋಟರಿನಿಂದ ದೂರ, ಬಾಗಿಲ ಹೊರಗೆ ಇಟ್ಟು, ಮೂರು ಬೆರಳು ವಿಭೂತಿ ಎಳೆದೆ. "ಇದು ಮೋಟರಿನ ಪಾದ. ಪಾದಕ್ಕ ಒಡೀರಿ." ಎಲ್ಲರೂ ಭಕ್ತಿಯಿಂದ ಒಪ್ಪಿದರು. ಮೋಟರು ಗುಂಯ್ ಎಂದು ಎದ್ದಿತು, ಜಲ್ಲಿ ಸುರಿಯಿತು, ಗುತ್ತಿಗೆದಾರನ ಬಾಯಿ ಮುಚ್ಚಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮುಂದಿನ ಅಮಾಸಿಯ ಬೆಳಿಗ್ಗೆ ಫೋನು.

"ಕಾಕಾ, ಪಾದ ಇಲ್ಲ."

"ಅಂದ್ರ?"

"ಲೋಡರಿನವ ಬಾಕಿ ಕಲ್ಲಿನ ಜೋಡಿ ಬಾಚಿ ಕ್ರಷರಿಗೆ ಹಾಕಿಬಿಟ್ಟಾನ್ರಿ. ಅತ್ತಿವೇರಿ ರಸ್ತೆಗೆ ಹೋಗೇತಂತ. ಅಲ್ಲೀ ಮಟ ಹೋಗಿ ಕೈ ಮುಗದು ಬಂದ್ವಿ. ಈಗ ಕಾಯಿ ಎಲ್ಲೆ ಒಡೀಲಿ? ಮೊದಲಿನಂಗ ಪೆಟ್ಟಿಗಿ ಮ್ಯಾಲೆ…"

"ಮುಟ್ಟಬ್ಯಾಡ್ರಿ! ನಾ ಬಂದೆ!"

ಕಲ್ಲಿನ ಕ್ರಷರಿನಲ್ಲಿ ಕಲ್ಲನ್ನು ದೇವರು ಮಾಡಿ ಇಟ್ಟ ಬುದ್ಧಿವಂತ ನಾನೇ ತಾನೆ? ಅಂದಿನಿಂದ ಅಮಾಸಿ ಅಮಾಸಿಗೆ ಮುಂಡಗೋಡಕ್ಕೆ ಹೋಗಿ, ಮೋಟರಿಗೆ ಅಡ್ಡವಾಗಿ ಎರಡು ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಹಿಡಿದು ನಿಲ್ಲುತ್ತೇನೆ. ಸಾಹುಕಾರ ಬುಟ್ಟಿಯೊಳಗೆ ಕಬ್ಬಿಣದ ಸಟ್ಟುಗದಿಂದ ಕಾಯಿ ಒಡೆಯುತ್ತಾನೆ. ಅರ್ಧ ನೀರು ಬುಟ್ಟಿಗೆ, ಅರ್ಧ ನನ್ನ ಕನ್ನಡಕಕ್ಕೆ.

ಒಟ್ಟು ಲೆಕ್ಕ ಇಷ್ಟು. ಬಂದದ್ದು ಎರಡು ಹತ್ತು. ಮೋಟರಿಗೆ ಒಂದೂವರೆ ಲಕ್ಷ. ಕ್ರೇನು, ಲಾರಿ, ಮುಚ್ಚಳ, ಬಲ್ಬು ಎಲ್ಲ ಸೇರಿ ಇಪ್ಪತ್ತೆರಡು ಸಾವಿರ. ನನಗೆ ಉಳಿದದ್ದು ಮೂವತ್ತೆಂಟು ಸಾವಿರ ರೂಪಾಯಿ, ಮತ್ತು ಕರಾರು ಮುಗಿಯುವ ತನಕ ಅಮಾಸಿಗೊಂದು ಹೋಳು ತೆಂಗಿನಕಾಯಿ.